ದಿನಕ್ಕೆ ಹತ್ತು ರೂಪಾಯಿ

ತಿಂಗಳಿಗೆ ಮುನ್ನೂರು ರೂಪಾಯಿ ಅಂದರೆ ನನ್ನಿಂದಾಗದು, ದಿನಕ್ಕೆ ಹತ್ತು ರೂಪಾಯಿ ಅಂದರೆ ಕೊಟ್ಟೇನು. ಬೆಂಗಳೂರಿನ ಬೀದಿಬದಿ ವ್ಯಾಪಾರಿಯೊಬ್ಬರು ಹರೀಶ್ ಹಂದೆಯವರಿಗೆ ಹೀಗೆ ಹೇಳಿದ್ದರಂತೆ. 1995ರಲ್ಲಿ ಸೆಲ್ಕೊ ಸಂಸ್ಥೆ ಕಟ್ಟಿ ಬಡವರ ಮನೆಗೆ ಸೌರದೀಪ ಒಯ್ದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹಂದೆ ಈ ಮಾತನ್ನು ಹಲವು ವೇದಿಕೆಗಳಲ್ಲಿ ನೆನೆದಿದ್ದಾರೆ. ಕೇಳಿದವರು ನಗುತ್ತಾರೆ. ಮೂವತ್ತು ಹತ್ತಲಿ ಮುನ್ನೂರೇ ತಾನೇ?

ಮಗ್ಗಿಯಲ್ಲಿ ಮುನ್ನೂರೇ. ಬಂಡಿಯ ಹಿಂದೆ ನಿಂತವರ ಕೈಯಲ್ಲಿ ಮಾತ್ರ ಮುನ್ನೂರು ಒಟ್ಟಿಗೆ ಉಳಿಯುವ ದಿನ ಬರುವುದೇ ಇಲ್ಲ. ಬೆಳಿಗ್ಗೆ ಬಂದದ್ದು ಮಾಲಿಗೆ, ಮಧ್ಯಾಹ್ನದ್ದು ಹೊಟ್ಟೆಗೆ, ಸಂಜೆಯದು ಸಾಲಕ್ಕೆ. ಮರುದಿನ ಮತ್ತೆ ಸೊನ್ನೆಯಿಂದ ಬೋಣಿ. ಹಂದೆಯವರಿಗೆ ಇದು ಅರ್ಥವಾಯಿತು. ಒಬ್ಬನು ಹಗಲು ಬ್ಯಾಟರಿಗಳನ್ನು ಬಿಸಿಲಲ್ಲಿ ಚಾರ್ಜ್ ಮಾಡಿ, ಹೊತ್ತು ಮುಳುಗುವಾಗ ಬಂಡಿಗಳಿಗೆ ಬಾಡಿಗೆಗೆ ಕೊಟ್ಟು, ರಾತ್ರಿ ವಾಪಸು ಪಡೆಯುವ ವ್ಯವಸ್ಥೆ ಬಂತು. ಸೀಮೆಎಣ್ಣೆಯ ಹೊಗೆ ತಪ್ಪಿತು. ಸೌರಫಲಕ ಆ ಹೊತ್ತಿಗಾಗಲೇ ಇತ್ತು. ಹೊಸದಾಗಿ ಸೇರಿದ್ದು ದುಡ್ಡನ್ನು ದಿನದ ಅಳತೆಗೆ ಕತ್ತರಿಸುವ ಬುದ್ಧಿ. ನನಗೆ ಆ ಕತ್ತರಿಯೇ ದೊಡ್ಡ ತಂತ್ರಜ್ಞಾನವಾಗಿ ಕಾಣುತ್ತದೆ.

ಇದನ್ನು ತಲೆಯಲ್ಲಿಟ್ಟುಕೊಂಡು ಬೀದರ್ ಜಿಲ್ಲೆಯ ಹುಮನಾಬಾದಿಗೆ ಬಂದರೆ ಬೀದಿ ಬೇರೆಯೇ ರೀತಿ ಕಾಣುತ್ತದೆ. ಪುಣೆ-ಹೈದರಾಬಾದ್ ಹೆದ್ದಾರಿಯನ್ನು ಬೀದರ್-ಕಲಬುರಗಿ ರಸ್ತೆ ಅಡ್ಡಹಾಯುವ ಊರು ಇದು. 2017ರಿಂದ ಬೀದರ್-ಕಲಬುರಗಿ ರೈಲೂ ನಿಲ್ಲುತ್ತದೆ. ಇಲ್ಲಿನ ಠೇಲಾಗಳ ಮುಂದೆ ನಿಲ್ಲುವ ಅರ್ಧ ಜನ ಮತ್ತೆ ಈ ಊರಿಗೆ ಬರುತ್ತಾರೋ ಇಲ್ಲವೋ. ಬಸ್ಸಿನ ಕಿಟಕಿಯಿಂದ ಕೈಚಾಚಿ ಬಾಳೆಹಣ್ಣು ಕೇಳುವವನಿಗೆ ಉದ್ರಿ ಕೊಡಲಾಗುವುದಿಲ್ಲ, ಅವನ ಐನೂರರ ನೋಟಿಗೆ ಚಿಲ್ಲರೆಯೂ ಇರುವುದಿಲ್ಲ. ಕಂಡಕ್ಟರ್ ಸೀಟಿ ಊದಿದರೆ ವ್ಯಾಪಾರ ಹೋಯಿತು. ಇಂಥ ಕಡೆ ಆ ಕಪ್ಪು-ಬಿಳಿ ಚೌಕದ ಚೀಟಿ ನಿಜಕ್ಕೂ ಉಪಕಾರಿ. ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತವರ ಜೊತೆಗಾರರು ರೂಪಿಸಿದ್ದು ಮೋಟಾರಿನ ಬಿಡಿಭಾಗಗಳ ಲೆಕ್ಕ ಇಡಲಿಕ್ಕೆ. ಬಾಳೆಗೊನೆಯ ಪಕ್ಕ ದಾರದಲ್ಲಿ ನೇತಾಡುತ್ತದೆಂದು ಅವರು ಕನಸಿನಲ್ಲಿಯೂ ಎಣಿಸಿರಲಾರರು. 2016ರ ಏಪ್ರಿಲಿನಲ್ಲಿ ಯುಪಿಐ ಬಂತು, ಅದೇ ನವೆಂಬರಿನಲ್ಲಿ ನೋಟು ರದ್ದಾಯಿತು, ಕೋವಿಡ್ ಬಂದಾಗ ನೋಟು ಮುಟ್ಟಲಿಕ್ಕೇ ಜನ ಹೆದರಿದರು. ಈ ಮೂರರ ನಡುವೆ ಚೌಕದ ಚೀಟಿ ಬಂಡಿ ಬಂಡಿಗೂ ಏರಿತು.

ಬಸವಕಲ್ಯಾಣದ ಸಂಗತಿ ಬೇರೆ. ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಬೇಕು. ಬಸವಣ್ಣನ ನೆಲೆ ಅರಸಿ ಬರುವ ಯಾತ್ರಿಕರಿದ್ದಾರೆ, ಲಾರಿ ಕಟ್ಟಿಸಲು ಬರುವ ಪರವೂರಿನವರಿದ್ದಾರೆ. ಆದರೂ ಓಣಿಯೊಳಗಿನ ಕಾಯಿಪಲ್ಯದ ಬುಟ್ಟಿ ನಡೆಯುವುದು ಗುರುತಿನ ಮೇಲೆ. ಯಾರ ಮನೆಯಲ್ಲಿ ಪಗಾರ ಯಾವಾಗ, ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಯಾರಿಗೆ ಈ ವಾರ ಕೇಳಬಾರದು, ಎಲ್ಲ ಆ ಬುಟ್ಟಿಯವಳಿಗೆ ಗೊತ್ತು. ಉದ್ರಿಯ ವಹಿ ಅವಳ ತಲೆಯೊಳಗೇ ಇದೆ. ಕನ್ನಡ, ಮರಾಠಿ, ದಖ್ಖನಿ ಮೂರರಲ್ಲಿಯೂ ಆಕೆ ಬಾಕಿ ಕೇಳಬಲ್ಲಳು, ಮೂರರಲ್ಲಿಯೂ ಸುಮ್ಮನಿರಬಲ್ಲಳು. ಅಪರಿಚಿತನೊಡನೆ ವ್ಯವಹರಿಸಲು ಹುಟ್ಟಿದ ಯಂತ್ರ ಈ ಪರಿಚಯದ ವ್ಯಾಪಾರದೊಳಗೆ ಕಾಲಿಟ್ಟಾಗ ಏನಾಗುತ್ತದೆ ಅನ್ನುವುದು ಹೆದ್ದಾರಿಯಲ್ಲಿ ಕಾಣುವುದಿಲ್ಲ, ಓಣಿಯಲ್ಲಿ ಕಾಣುತ್ತದೆ.

ಕೋಟೆಗೆ ಹೋಗುವ ದಾರಿಯಲ್ಲಿ ಸೀತಾಫಲದ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳ ಪಕ್ಕದಲ್ಲಿ ಮಾತಾಡುವ ಡಬ್ಬಿಯಿತ್ತು. ಗಿರಾಕಿ ಫೋನು ಒತ್ತಿದ. ಡಬ್ಬಿ ಹಿಂದಿಯಲ್ಲಿ ಅರವತ್ತು ರೂಪಾಯಿ ಬಂತೆಂದು ಕೂಗಿತು. ಆಕೆ ತಲೆಯಾಡಿಸಿ, ಹಣ್ಣಾದದ್ದು ಒಂದು, ನಾಳೆಗೆ ಹಣ್ಣಾಗುವಂಥದ್ದು ಎರಡು ಹೆಚ್ಚಿಗೆ ಹಾಕಿದಳು. ಕೂಗಿದ ಅರವತ್ತು ಹೋದದ್ದು ಮಗನ ಖಾತೆಗೆ. ಮಗ ಹೈದರಾಬಾದಿನಲ್ಲಿ ದುಡಿಯುತ್ತಾನೆ. ಫೋನು, ಸಿಮ್ಮು, ಬ್ಯಾಂಕು ಎಲ್ಲವೂ ಅವನ ಹೆಸರಲ್ಲಿ. ತಾಯಿಯ ಗಳಿಕೆ ತಾಯಿಗಿಂತ ಮೊದಲು ಅವನಿಗೆ ತಿಳಿಯುತ್ತದೆ. ಸಂಜೆ ಅವನು ಪರಿಚಯದ ಕಿರಾಣಿ ಅಂಗಡಿಯವನಿಗೆ ಕಳಿಸಿ, ಅಂಗಡಿಯವನು ನಗದು ಎಣಿಸಿಕೊಟ್ಟ ಮೇಲೆಯೇ ಮರುದಿನದ ಹಣ್ಣಿಗೆ ದಾರಿ. ಹೊಲದಿಂದ ಹಣ್ಣು ತಂದುಕೊಡುವವನಿಗೆ ಬೇಕಾದದ್ದು ನೋಟು. ಮಗ ಒಳ್ಳೆಯವನು, ಒಂದು ಪೈಸೆ ಮುಟ್ಟುವುದಿಲ್ಲ ಎಂದಳು. ಇರಲಿ. ಮೊದಲು ದುಡ್ಡು ಸೆರಗಿನ ಗಂಟಿನಲ್ಲಿದ್ದಾಗ ಮಗ ಒಳ್ಳೆಯವನೋ ಅಲ್ಲವೋ ಅನ್ನುವ ಮಾತೇ ಏಳುತ್ತಿರಲಿಲ್ಲ. ಡಬ್ಬಿ ಹೇಗೆ ಎಂದು ಕೇಳಿದ್ದಕ್ಕೆ ಆಕೆ ಹೇಳಿದ್ದು ಇಷ್ಟೇ: “ಬಂದದ್ದು ಹೇಳ್ತದ್ರಿ, ಹೋದದ್ದು ಹೇಳಂಗಿಲ್ಲ.”

ಈ ಒಂದು ಮಾತನ್ನು 2025ರ ಜುಲೈ ತಿಂಗಳಿನ ಪಕ್ಕ ಇಟ್ಟು ನೋಡಬೇಕು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ಕೂಡಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಅದು ಕಾನೂನು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟಿ ಎಂದು ನೋಟಿಸು ಹೋದದ್ದು ಪತ್ರಿಕೆಗಳಲ್ಲಿ ಬಂತು. 1.63 ಕೋಟಿ ಅಂದರೆ ಓದುಗನ ಕಣ್ಣು ಅರಳುತ್ತದೆ. ಅದನ್ನೇ ದಿನಕ್ಕೆ ಒಡೆದರೆ ಹನ್ನೊಂದು ಸಾವಿರದ ಚಿಲ್ಲರೆ. ಆ ಹನ್ನೊಂದು ಸಾವಿರದಲ್ಲಿ ರೈತನಿಗೆ ಹೋದದ್ದೆಷ್ಟು, ಬಾಡಿಗೆಗೆಷ್ಟು, ಸಂಜೆ ಬಾಡಿ ದನಕ್ಕೆ ಹಾಕಿದ ಸೊಪ್ಪಿನದೆಷ್ಟು? ಜಮೆಯ ಪಟ್ಟಿಯಲ್ಲಿ ಇದಾವುದೂ ಇಲ್ಲ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ ಅನ್ನುವುದೂ ಆ ಪಟ್ಟಿಗೆ ಗೊತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ರಾಜ್ಯದ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತು “ನಗದು ಮಾತ್ರ” ಅನ್ನುವ ಕೈಬರಹದ ರಟ್ಟುಗಳು ಏರಿದವು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಕೊಂಡರೆ ಹಳೆಯ ಬಾಕಿಗೆ ಕೈಹಾಕುವುದಿಲ್ಲವೆಂದು ಹೇಳಬೇಕಾಯಿತು.

ತೆರಿಗೆ ಕಟ್ಟಬೇಕಾದವರು ಕಟ್ಟಬೇಕು, ಅದರಲ್ಲಿ ನನಗೆ ತಕರಾರಿಲ್ಲ. ನೋಟಿಸು ಪಡೆದವರಲ್ಲಿ ಬೇಕರಿ, ಕಾಂಡಿಮೆಂಟ್ಸ್ ನಡೆಸುವ ಅನುಕೂಲಸ್ಥರೂ ಇದ್ದರು. ಕಾಡುವುದು ಬೇರೆ. ದಿನವೊಂದನ್ನು ಬದುಕಿದವರು ಒಬ್ಬರು, ದಿನಗಳನ್ನು ಕೂಡಿಟ್ಟವರು ಇನ್ನೊಬ್ಬರು. ಬಂಡಿಯವನಿಗೆ ಆ ಸಾವಿರದ ನಾಲ್ಕುನೂರು ದಿನಗಳು ಒಂದೊಂದಾಗಿ ಬಂದವು, ಒಂದೊಂದಾಗಿ ತೀರಿಹೋದವು. ಎಲ್ಲೋ ಒಂದು ಕಡೆ ಅವು ತೀರದೆ ಉಳಿದು, ಮೊತ್ತವಾಗಿ ಬೆಳೆದು, ಅವನೇ ಗುರುತು ಹಿಡಿಯದಂಥ ಒಬ್ಬ ಕೋಟ್ಯಧಿಪತಿಯಾಗಿ ತಿರುಗಿ ಅವನ ಮುಂದೆ ನಿಂತವು. ಇದೇ ಮೊತ್ತ ಬ್ಯಾಂಕಿನಲ್ಲಿ ಅವನಿಗೆ ಎರಡು ಲಕ್ಷ ಸಾಲ ಕೊಡಿಸಿದ್ದರೆ ಬಹುಶಃ ನಾವೆಲ್ಲ ಅದನ್ನು ತಂತ್ರಜ್ಞಾನದ ವರ ಎನ್ನುತ್ತಿದ್ದೆವು. ಹಾಗೆ ಕೊಡಿಸಿದ್ದೂ ಉಂಟು. ಕೂಡಿಟ್ಟ ಲೆಕ್ಕ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಅದು ವರವೋ ನೋಟಿಸೋ ಆಗುತ್ತದೆ.

ಕೂಡಿಡುವುದೇ ತಪ್ಪು ಎಂದರೆ ನಮ್ಮ ನಾಡಿನದೇ ಒಂದು ಉದಾಹರಣೆ ಎದುರು ನಿಲ್ಲುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಬ್ಯಾಂಕಿನ ಏಜೆಂಟ್ ದಿನಾ ಅಂಗಡಿ ಬಾಗಿಲಿಗೆ, ಬುಟ್ಟಿಯ ಬಳಿಗೆ ಬಂದು ಎರಡಾಣೆಯಿಂದ ಹಿಡಿದು ಕೊಟ್ಟಷ್ಟನ್ನು ಬರೆದುಕೊಂಡು ಹೋಗುತ್ತಿದ್ದ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಟಿ.ಎಂ.ಎ. ಪೈಯವರಿಗೆ ಕಂಪ್ಯೂಟರು ಗೊತ್ತಿರಲಿಲ್ಲ, ದಿನ ಅನ್ನುವುದು ಗೊತ್ತಿತ್ತು. ಪಿಗ್ಮಿಯಲ್ಲಿ ಕೂಡಿದ ದಿನಗಳು ಕೂಡಿಟ್ಟವನಿಗೇ ವಾಪಸು ಬರುತ್ತಿದ್ದವು, ಮಗಳ ಮದುವೆಗೋ ಹೊಸ ತಕ್ಕಡಿಗೋ. 2020ರಲ್ಲಿ ಆ ಬ್ಯಾಂಕು ಕೆನರಾದೊಳಗೆ ಸೇರಿಹೋಯಿತು. ಪಿಗ್ಮಿ ಅನ್ನುವ ಹೆಸರು ಸಹಕಾರಿ ಸಂಘಗಳಲ್ಲಿ ಇನ್ನೂ ಬದುಕಿದೆ.

ಸಾಲದ ಮಾತಿಗೆ ಬಂದರೂ ಇದೇ ಗಂಟು. ಬೆಳಿಗ್ಗೆ ಒಂಬೈನೂರು ಕೈಗಿಟ್ಟು ಸಂಜೆ ಸಾವಿರ ಕೇಳುವ ಬಡ್ಡಿಯವನನ್ನು ನಾವು ಬೈಯುತ್ತೇವೆ, ಬೈಯಬೇಕಾದದ್ದೇ. ಆದರೆ ಅವನಿಗೆ ದಿನದ ವ್ಯಾಕರಣ ಗೊತ್ತು. ಬೆಳಗಿನ ಜಾವ ನಾಲ್ಕಕ್ಕೆ ಮಾಲು ಇಳಿಯುವ ಹೊತ್ತಿಗೆ ಅವನು ಅಲ್ಲಿರುತ್ತಾನೆ, ಫೋಟೊ ಕೇಳುವುದಿಲ್ಲ, ಜಾಮೀನು ಕೇಳುವುದಿಲ್ಲ. ಅವನನ್ನು ಎದುರಿಸಲೆಂದೇ 2018ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಬಡವರ ಬಂಧು ತಂದಿತು. ಸಹಕಾರಿ ಬ್ಯಾಂಕುಗಳ ಮೂಲಕ ಎರಡು ಸಾವಿರದಿಂದ ಹತ್ತು ಸಾವಿರದವರೆಗೆ ಬಡ್ಡಿಯಿಲ್ಲದ ಸಾಲ. 2020ರ ಜೂನಿನಲ್ಲಿ ಕೇಂದ್ರದ ಪಿಎಂ ಸ್ವನಿಧಿ ಬಂತು: ಮೊದಲು ಹತ್ತು ಸಾವಿರ, ತೀರಿಸಿದರೆ ಇಪ್ಪತ್ತು, ಆಮೇಲೆ ಐವತ್ತು. ಬಡ್ಡಿಯಲ್ಲಿ ಶೇ 7 ಸಹಾಯಧನ, ಫೋನಿನಲ್ಲಿ ವ್ಯವಹರಿಸಿದರೆ ತುಸು ವಾಪಸಾತಿ. 2025ರ ಆಗಸ್ಟಿನಲ್ಲಿ ಮೊದಲ ಕಂತು ಹದಿನೈದು, ಎರಡನೆಯದು ಇಪ್ಪತ್ತೈದು ಸಾವಿರಕ್ಕೆ ಏರಿತು, ಯೋಜನೆ 2030ರ ಮಾರ್ಚ್‌ವರೆಗೆ ಮುಂದುವರಿಯಿತು. ಒಳ್ಳೆಯ ಯೋಜನೆ, ಸಂಶಯವಿಲ್ಲ. ಲಾಕ್‌ಡೌನಿನಲ್ಲಿ ಬಂಡವಾಳ ತಿಂದು ಕೂತವರನ್ನು ಅದು ಮತ್ತೆ ಬೀದಿಗಿಳಿಸಿತು. ತೀರಿಸುವುದು ಮಾತ್ರ ತಿಂಗಳ ಕಂತಿನಲ್ಲಿ. ಹತ್ತು ಸಾವಿರದ ಸಾಲವಾದರೆ ತಿಂಗಳಿಗೊಮ್ಮೆ ಖಾತೆಯಲ್ಲಿ ಒಂಬೈನೂರು ಇರಲೇಬೇಕಾದ ಆ ಒಂದು ದಿನ ಮಳೆ ಬಂದರೆ, ಬಂದ್ ಆದರೆ, ಮೊಮ್ಮಗನಿಗೆ ಜ್ವರ ಬಂದರೆ? ಹಣ ಸೆಕೆಂಡಿನಲ್ಲಿ ಹೋಗಿಬರುವ ಈ ಕಾಲದಲ್ಲಿ ದಿನಕ್ಕೆ ಮೂವತ್ತು ರೂಪಾಯಿ ಮುರಿದುಕೊಂಡು, ವ್ಯಾಪಾರವಿಲ್ಲದ ದಿನ ಸುಮ್ಮನಿರುವ ಕಂತು ಕಟ್ಟಲು ಯಂತ್ರಕ್ಕೆ ಏನು ಕಷ್ಟ? ಕಷ್ಟ ಯಂತ್ರದ್ದಾಗಿರಲಾರದು. ತಿಂಗಳ ಸಂಬಳದವರು ಕೂತು ಬರೆದ ನಿಯಮಕ್ಕೆ ತಿಂಗಳೇ ಕಾಣುತ್ತದೆ. ಮಾತಾಡುವ ಡಬ್ಬಿಯ ಬಾಡಿಗೆಯೂ ನೋಡಿ, ಕಟ್ಟಾಗುವುದು ತಿಂಗಳಿಗೇ.

ಬಸವಣ್ಣನ ಕಲ್ಯಾಣದಲ್ಲಿ ನಿಂತು ದಿನದ ಲೆಕ್ಕ ಎಂದಾಗ ಶರಣೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರುವುದಿಲ್ಲ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಭಾಷಣಗಳಲ್ಲಿ ಈ ಕಥೆಯನ್ನು ಬಡವರಿಗೆ ತೃಪ್ತಿಯ ಪಾಠವಾಗಿ ಹೇಳುವುದನ್ನು ಕೇಳಿ ಕೇಳಿ ನನಗೆ ಬೇಸರ ಬಂದಿದೆ. ಹೊಟ್ಟೆ ತುಂಬಿದವರು ಹಸಿದವರಿಗೆ ಸಾಕು ಅನ್ನುವುದನ್ನು ಕಲಿಸಲು ಲಕ್ಕಮ್ಮ ಹುಟ್ಟಲಿಲ್ಲ. ಅವಳ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ: ಎಷ್ಟು ಸಾಕು ಎಂದು ಅಳೆದವಳು ಅವಳೇ. ಬಸವಣ್ಣನ ಭಂಡಾರದ ಕರಣಿಕರು ಅಳೆಯಲಿಲ್ಲ, ಅರಸ ಬಿಜ್ಜಳನ ಅಧಿಕಾರಿ ಅಳೆಯಲಿಲ್ಲ. ಅಂದಿನ ಅಕ್ಕಿ, ಅಂದಿನ ದಾಸೋಹ, ಅಂದಿನ ಲೆಕ್ಕ ಮೂರೂ ಅವಳ ಮನೆಯೊಳಗೇ ಮುಗಿದವು.

ಇನ್ನೊಬ್ಬ ಮಾರಯ್ಯನಿದ್ದಾನೆ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದನೆಂದು ಹೇಳುವ ಮೋಳಿಗೆ ಮಾರಯ್ಯ. ಕಾಡಿನಿಂದ ಕಟ್ಟಿಗೆ ಹೊರೆ ಹೊತ್ತು ತಂದು ಕಲ್ಯಾಣದ ಬೀದಿಯಲ್ಲಿ ಮಾರುತ್ತಿದ್ದ. ಅನುಭವ ಮಂಟಪದ ದೊಡ್ಡವರ ಸಾಲಿನಲ್ಲಿ ಬೀದಿಬದಿ ವ್ಯಾಪಾರಿಯೊಬ್ಬನಿದ್ದ ಅನ್ನುವುದನ್ನು ನಾವು ಸಾಕಷ್ಟು ಹೇಳುವುದಿಲ್ಲ. ಅವನ ಬಡತನ ಕಂಡು ಮರುಗಿ ಬಸವಣ್ಣ ಗುಟ್ಟಾಗಿ ಅವನ ಮನೆಯಲ್ಲಿ ಹೊನ್ನು ಇಟ್ಟು ಬಂದನಂತೆ. ಮಾರಯ್ಯ ಅದನ್ನು ಇಟ್ಟುಕೊಳ್ಳದೆ ಜಂಗಮರಿಗೆ ಹಂಚಿಬಿಟ್ಟ. ಕೊಟ್ಟವನು ಬಸವಣ್ಣ, ಮನಸ್ಸು ತಿಳಿಯಾದದ್ದು, ಆದರೂ ಕೇಳದೆ ಬಂದ ಹೊನ್ನು ಮಾರಯ್ಯನಿಗೆ ಬೇಡವಾಯಿತು.

ಈಗ ಕೇಳದೆ ಬರುವ ಹೊನ್ನಿನ ಕಾಲ. ಕೆಲವು ತಿಂಗಳು ಕ್ಯೂಆರ್ ಚೆನ್ನಾಗಿ ನಡೆದರೆ ಫೋನಿನೊಳಗಿಂದಲೇ ಸಾಲ ಮಂಜೂರಾಗಿದೆ, ಒತ್ತಿ ಎಂದು ಸಂದೇಶ ಬರುತ್ತದೆ. ಕೆನ್ಯಾದಲ್ಲಿ ಇದು ನಮಗಿಂತ ಮೊದಲು ನಡೆಯಿತು. 2007ರಲ್ಲಿ ಎಂ-ಪೆಸಾ ಬಂದಾಗ ಮಾಮಾ ಮ್ಬೋಗಾ ಎಂದು ಕರೆಸಿಕೊಳ್ಳುವ ಅಲ್ಲಿನ ತರಕಾರಿ ಹೆಂಗಸರಿಗೆ ಸಾದಾ ಫೋನಿನಲ್ಲೇ ಹಣ ಕಳಿಸುವ ದಾರಿ ಸಿಕ್ಕಿತು, ಜಗತ್ತು ಬೆರಗಾಯಿತು. 2012ರಿಂದ ಅದೇ ಫೋನು ಸಾಲ ಕೊಡತೊಡಗಿತು. ಚಿಲ್ಲರೆ ಮೊತ್ತ ಕಟ್ಟಲಾಗದವರ ಹೆಸರುಗಳು ಸುಸ್ತಿದಾರರ ಪಟ್ಟಿ ಸೇರಿದವು. ನಿನ್ನ ದಿನಗಳನ್ನು ನಾನು ನೋಡಿದ್ದೇನೆ, ಅದಕ್ಕೇ ಕೊಡುತ್ತಿದ್ದೇನೆ ಅನ್ನುವ ಸಾಲದಲ್ಲಿ ಒಂದು ಹೆದರಿಕೆಯಿದೆ. ಓಣಿಯ ಬಡ್ಡಿಯವನೂ ನೋಡಿರುತ್ತಾನೆ ನಿಜ, ಆದರೆ ಅವನು ನೋಡುತ್ತಿರುವುದು ಬುಟ್ಟಿಯವಳಿಗೂ ಕಾಣುತ್ತದೆ.

ಹಾಗಾದರೆ ಚೀಟಿ ಕಿತ್ತೆಸೆಯಬೇಕೆ? ಬೇಡ. ಹುಮನಾಬಾದಿನ ಬಸ್ಸಿನ ಕಿಟಕಿಗೆ ಅದು ಬೇಕು. ಸೀತಾಫಲದವಳ ಡಬ್ಬಿ ಹಿಂದಿ ಬಿಟ್ಟು ಆಕೆಯ ಮಾತಿನಲ್ಲಿ ಕೂಗಲಿ, ಕನ್ನಡದ ದನಿ ಆಗಲೇ ಇದೆ, ಅದನ್ನು ಹಾಕಿಕೊಡುವ ಹುಡುಗನಿಗೆ ಎರಡು ನಿಮಿಷದ ಕೆಲಸ. ಖಾತೆ ಆಕೆಯ ಹೆಸರಲ್ಲಿರಲಿ. ಸಂಜೆ ಒಮ್ಮೆ ಬಂದದ್ದಷ್ಟನ್ನೇ ಹೇಳದೆ, ಬೆಳಿಗ್ಗೆ ಮಾಲಿಗೆ ಕೊಟ್ಟದ್ದನ್ನು ಕಳೆದು ಉಳಿದದ್ದನ್ನು ಕೇಳಿದರೆ ಹೇಳಲಿ. ಇಷ್ಟು ಬಲ್ಲ ಯಂತ್ರ ಆಕೆಯ ಪಕ್ಷದ್ದು ಎನ್ನಬಹುದು.

ಆದರೆ ದುಡ್ಡಿಗಿಂತ ಮೊದಲಿನದೊಂದಿದೆ: ನಿಲ್ಲುವ ಜಾಗ. 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೀದಿಬದಿ ವ್ಯಾಪಾರ ಸಂವಿಧಾನ ಕೊಟ್ಟ ಹಕ್ಕಿನೊಳಗೇ ಬರುತ್ತದೆಂದಿತು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರತಿ ಊರಿಗೂ ಪಟ್ಟಣ ವ್ಯಾಪಾರ ಸಮಿತಿ ಬೇಕೆಂದಿತು, ಅದರಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳೇ, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆಗೆ ಈಗ ಮೊಬೈಲು ಹಿಡಿದೇ ಬರುತ್ತಾರೆ, ಬಂಡಿಯ ಫೋಟೊ ತೆಗೆಯುತ್ತಾರೆ, ಜಾಗದ ಗುರುತು ಹಾಕುತ್ತಾರೆ. ಐದು ವರ್ಷದಲ್ಲಿ ಆ ಒಂದು ದಿನ ಜ್ವರ ಬಂದು ಮಲಗಿದವರು ಇಲ್ಲವೆಂದೇ ಲೆಕ್ಕ. ಸೀತಾಫಲದ ಎರಡು ತಿಂಗಳು ಮಾತ್ರ ಬರುವವರು, ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ, ದತ್ತ ಜಯಂತಿಗೆ ಮಾಣಿಕನಗರಕ್ಕೆ ಆಟಿಕೆ ಸಾಮಾನು ಹೊತ್ತು ಬರುವವರು ಎಲ್ಲಿಯವರು? ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಅದು ಪೂರ್ತಿಯಾಗಿ ಜನ ಹರಿದು ಬಂದಾಗ ಅವರಿಗೆ ಚಹಾ, ಕಬ್ಬಿನಹಾಲು ಕೊಡುವ ಬಂಡಿಗಳೂ ಹರಿದು ಬರುತ್ತವೆ, ರಸ್ತೆ ಅಂದಗೊಳಿಸುವವರು ಮೊದಲು ಎತ್ತಿಸುವುದೂ ಅವನ್ನೇ. ಬ್ಯಾಟರಿಯನ್ನು ಒಂದು ಸಂಜೆಗೆ ಬಾಡಿಗೆ ಕೊಟ್ಟ ಹಾಗೆ ಜಾಗವನ್ನು ದಿನದ ಲೆಕ್ಕದಲ್ಲಿ, ಫೋನಿನಲ್ಲೇ, ಯಾರ ಕೈಬಿಸಿಯೂ ಇಲ್ಲದೆ ಕೊಡಲಾಗದೆ?

ದಿನದ ಲೆಕ್ಕದ ಒಂದು ಪದ್ಧತಿ ಈ ಭಾಗದಲ್ಲಿ ನಿಜಾಮರ ಕಾಲದ ಹೆಸರಿನಿಂದಲೇ ಇದೆ, ತೈಬಜಾರಿ. ಬೀದಿಯಲ್ಲಿ ಕೂತದ್ದಕ್ಕೆ ಅಂದಂದೇ ವಸೂಲಿ, ಅದಕ್ಕೊಂದು ತೆಳ್ಳನೆಯ ರಸೀದಿ. ಸಂಜೆಗೆ ಅದು ಭಜಿಯ ಎಣ್ಣೆ ಒರೆಸಲು ಹೋಗುತ್ತದೆ. ಅವನ್ನು ಜೋಡಿಸಿಟ್ಟಿದ್ದರೆ ಇಷ್ಟು ವರ್ಷ ಇಲ್ಲೇ ಕೂತದ್ದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಬೇರೆ ಯಾವುದು ಎಂದು ಹುಮನಾಬಾದಿನ ಮಿರ್ಚಿಭಜಿಯವನಿಗೆ ಹೇಳಿದೆ. ಅವನು ಗಲ್ಲಾದ ತಳದಿಂದ ರಬ್ಬರು ಹಾಕಿದ ಒಂದು ಕಟ್ಟು ತೆಗೆದು ಮುಂದಿಟ್ಟ. ತಾರೀಖಿತ್ತು, ನಂಬರಿತ್ತು, ರೊಕ್ಕವಿತ್ತು. “ಇಟ್ಟೀನ್ರಿ,” ಅಂದ, “ಆದ್ರ ಯಾವುದರ ಮ್ಯಾಲೂ ನನ್ನ ಹೆಸರ ಬರ್ದಿಲ್ಲ ನೋಡ್ರಿ.”